ಬನ್ನಿ ಬೇಡವೆಂದ ವರ್ಷ

ದೇವರ ಬಗ್ಗೆ ಪಾಠ ಮಾಡಲು ನನ್ನನ್ನು ಆರಿಸಿದ್ದಕ್ಕೆ ಕಾರಣ ನನ್ನ ಭಕ್ತಿಯಲ್ಲ, ನನ್ನ ಎಂ.ಎ. ಶಹಾಪುರದ ನಮ್ಮ ಸಣ್ಣ ಚರ್ಚಿನಲ್ಲಿ ನನಗಿಂತ ಭಕ್ತಿ ಹೆಚ್ಚಿದ್ದವರು ಬೇಕಾದಷ್ಟು ಜನರಿದ್ದರು. ಆದರೆ ವಿಚಾರಿಸಿಕೊಂಡು ಬರುವ ಹೊಸಬರಿಗೆ ಕ್ರೈಸ್ತ ನಂಬಿಕೆಯ ಮೊದಲ ಪಾಠಗಳನ್ನು ಹೇಳಲು ಓದಿದವರೇ ಬೇಕು ಎಂದು ಪಾಸ್ಟರ್ ತೀರ್ಮಾನಿಸಿದ್ದರು. ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಯಾರೋ ಹೇಳಿದರೆಂದು ಯಾವುದನ್ನೂ ನಂಬಬೇಡಿ, ಯಾರು ಹೇಳಿದರು, ಯಾವಾಗ ಹೇಳಿದರು, ಹೇಳಿ ಅವರಿಗೇನು ಸಿಕ್ಕಿತು ಎಂದು ಕೇಳಿ ಅಂತ ವಾರವಿಡೀ ಹುಡುಗರಿಗೆ ಉಪದೇಶ. ಶುಕ್ರವಾರ ಸಂಜೆ ಚರ್ಚಿನ ಪಕ್ಕದ ಕೋಣೆಗೆ ಬಂದು, ಸಮಾಧಿ ಖಾಲಿಯಾಗಿದ್ದುದನ್ನು ಮೊದಲು ಕಂಡ ಹೆಂಗಸರ ಮಾತನ್ನು ನಂಬಿರಿ ಎಂಬ ಉಪದೇಶ. ಎರಡನ್ನೂ ಮನಸಾರೆ ಮಾಡುತ್ತಿದ್ದೆ. ಅದು ಹೇಗೆ ಸಾಧ್ಯವಾಯಿತೆಂದು ಯಾರಾದರೂ ಕೇಳಿದ್ದರೆ ಕಷ್ಟವಾಗುತ್ತಿತ್ತು. ಪುಣ್ಯಕ್ಕೆ ಪಾಸ್ಟರ್ ಕೇಳಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಯಾದಗಿರಿಯಲ್ಲಿ. ನಮ್ಮದು ಮೂರು ತಲೆಮಾರಿನ ಕ್ರೈಸ್ತ ಮನೆ. ಅಂದರೆ ಏಸುವನ್ನು ಹುಡುಕಿಕೊಂಡು ಹೋದವರು ಅಜ್ಜ. ನನಗೆ ಅವನು ತೊಟ್ಟಿಲಲ್ಲೇ ಸಿಕ್ಕಿದ್ದ. ಹುಡುಕುವವರಿಗೆ ದಾರಿ ತೋರಿಸಲು ಯಾವತ್ತೂ ಹುಡುಕದವಳನ್ನು ನಿಲ್ಲಿಸಿದಂತಾಗಿತ್ತು.

ಇದೆಲ್ಲ ನಡೆದು ಕೆಲವೇ ವರ್ಷಗಳಾಗಿವೆ. ಆದರೂ ಇಲ್ಲಿ ಬರೆಯುವ ಮಾತುಗಳನ್ನು ಅವರು ಹೀಗೆಯೇ ಆಡಿದರೆಂದು ಆಣೆ ಮಾಡಿ ಹೇಳಲಾರೆ. ದಿನಾಲೂ ಡೈರಿ ಬರೆಯುವ ಚಟ ನನಗೆ ಉಂಟು. ಆದರೆ ಆ ತಿಂಗಳುಗಳ ಪುಟ ತೆಗೆದರೆ "ಕ್ಲಾಸ್ ಆಯಿತು. ಕೋಣೆಯಲ್ಲಿ ಸೆಕೆ" ಎನ್ನುವಂಥ ಸಾಲುಗಳೇ ಸಿಗುತ್ತವೆ. ಸೆಕೆಯನ್ನು ಬರೆದಿಡುವಷ್ಟು ಬುದ್ಧಿವಂತಿಕೆ ಇತ್ತು, ಮಾತನ್ನು ಬರೆದಿಡುವಷ್ಟು ಇರಲಿಲ್ಲ. ಹಾಗಾಗಿ ನೆನಪೇ ಗತಿ. ನೆನಪಿಗೆ ತಿದ್ದುವ ಚಟ. ನಾನು ಕಾವಲಿದ್ದರೂ ಅದು ಎಲ್ಲೋ ಒಂದೆರಡು ಕಡೆ ತಿದ್ದಿಯೇ ಇರುತ್ತದೆ.

ತರಗತಿಗೆ ಆರಂಭದಲ್ಲಿ ಐದಾರು ಮಂದಿ ಬಂದರು. ಮೊದಲ ಸಂಜೆ ಚಹಾದ ಜೊತೆ ಬಿಸ್ಕತ್ತು ಇತ್ತು. ಎರಡನೆಯ ಸಂಜೆ ಬರೀ ಚಹಾ. ಮೂರನೆಯದಕ್ಕೆ ಇಬ್ಬರು ಉಳಿದರು.

ಒಬ್ಬರು ಗೋಗಿಯ ನಿವೃತ್ತ ಹೆಡ್‌ಮಾಸ್ತರ್. ಹಣೆಗೆ ವಿಭೂತಿ, ಎದೆಯ ಮೇಲೆ ಲಿಂಗ, ಕೈಯಲ್ಲಿ ಮಡಚುವ ಛತ್ರಿ. ಶೇರ್ ಆಟೋದಲ್ಲಿ ಬರುತ್ತಿದ್ದರು. ಅವರಿಗೆ ಮತ ಬದಲಿಸುವ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಮೊದಲೇ ಹೇಳಿಬಿಟ್ಟಿದ್ದರು: "ನೋಡ್ರಿ ಮೇಡಂ, ನಾ ರಿಟೈರ್ ಆದ ಮ್ಯಾಲ ಎಲ್ಲಾ ಧರ್ಮದ ಕ್ಲಾಸಿಗೂ ಹೋಗಾಕತ್ತೀನಿ. ಮೂವತ್ತು ವರ್ಷ ನಾನೇ ಮಾತಾಡೀನಿ. ಈಗ ಯಾರರ ಮಾತಾಡಿದ್ರ ಕೇಳಬೇಕಂತ ಆಸೆ." ಆ ಆಸೆ ಅವರಲ್ಲಿ ಬಹಳ ಹೊತ್ತು ಉಳಿದದ್ದನ್ನು ನಾನು ಕಾಣೆ. ನಾನು ಒಂದು ವಾಕ್ಯ ಮುಗಿಸುವುದರೊಳಗೆ ಅವರದು ನಾಲ್ಕಾಗಿರುತ್ತಿತ್ತು.

ಇನ್ನೊಬ್ಬರನ್ನು ಊರಲ್ಲಿ ಎಲ್ಲರೂ ರೊಟ್ಟಿಯಮ್ಮ ಎನ್ನುತ್ತಿದ್ದರು. ಹಳೆ ಬಸ್‌ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವ ಕೆಲಸ. ಐವತ್ತರ ಆಸುಪಾಸು, ಗಟ್ಟಿ ದನಿ. ಚರ್ಚಿನ ಮಹಿಳಾ ಕೂಟದ ಊಟಕ್ಕೆ ರೊಟ್ಟಿ ತಂದ ದಿನ ಒಳಗೆ ಪಾಸ್ಟರ್ ಪ್ರಸಂಗ ಮಾಡುತ್ತಿದ್ದರಂತೆ. ಎಂಥ ತಪ್ಪು ಮಾಡಿದವರನ್ನೂ ದೇವರು ಕ್ಷಮಿಸುತ್ತಾನೆ ಎಂಬ ಮಾತು ಬುಟ್ಟಿ ಇಳಿಸುವಾಗ ಕಿವಿಗೆ ಬಿತ್ತು. ಊಟವಾದ ಮೇಲೆ ಪಾಸ್ಟರ್ ಬಳಿ ಹೋಗಿ, ತಹಶೀಲ್ ಕಚೇರಿಯಲ್ಲಿ ಕೇಳುವ ಹಾಗೆ, "ಅದಕ್ಕ ಯಾರನ್ನ ಕಾಣಬೇಕ್ರಿ?" ಎಂದು ಕೇಳಿದರು. ಪಾಸ್ಟರ್ ನನ್ನ ಕಡೆ ಬೆರಳು ತೋರಿಸಿದರು.

ಮೊದಲ ಸಂಜೆ ಅವರು ಕೇಳಿದ್ದು ದೇವರು ಇದ್ದಾನೋ ಇಲ್ಲವೋ ಎಂದಲ್ಲ.

"ಯಾವ ವಾರ ಹಿಡೀಬೇಕ್ರಿ ಮೇಡಮ್ಮಾರೆ?"

ನಮ್ಮ ಕಡೆ ಒಂದು ದೇವರನ್ನು ನಂಬುವುದೆಂದರೆ ಆ ದೇವರ ವಾರ ಹಿಡಿಯುವುದು. ಆ ದಿನ ಒಪ್ಪತ್ತು ಊಟ, ಏನಾದರೊಂದನ್ನು ಬಿಡುವುದು, ಬೇಡಿಕೊಂಡದ್ದು ಆದರೆ ಹರಕೆ ಒಪ್ಪಿಸುವುದು. ನಾನು, ಹಾಗೆ ಹಿಡಿಯುವ ವಾರ ಯಾವುದೂ ಇಲ್ಲ, ಭಾನುವಾರ ಎಲ್ಲರೂ ಕೂಡುತ್ತೇವೆ ಅಷ್ಟೇ ಎಂದೆ.

"ಏನು ಬಿಡಬೇಕ್ರಿ? ಉಳ್ಳಾಗಡ್ಡಿ? ಬಳ್ಳೊಳ್ಳಿ?"

"ಏನೂ ಬಿಡೋದಿಲ್ರಿ ಅಮ್ಮಾರೆ."

"ಹರಕಿ?"

"ಹರಕಿನೂ ಇಲ್ಲ. ದೇವರು ಕೊಡೋದನ್ನ ಸುಮ್ಮನ ಕೊಡ್ತಾನ. ನಾವು ಗಳಿಸಿದ್ದಲ್ಲ. ಅದಕ್ಕ ಕೃಪೆ ಅಂತೀವಿ. ನಮ್ಮ ನಂಬಿಕೆ ಶುರುವಾಗೋದ ಅಲ್ಲಿಂದ."

ರೊಟ್ಟಿಯಮ್ಮ ಹೆಡ್‌ಮಾಸ್ತರರ ಮುಖ ನೋಡಿದರು. ಇದರಲ್ಲಿ ಏನೋ ಮೋಸವಿದೆ ಎನ್ನುವ ನೋಟ ಅದು. "ಸುಮ್ಮನ ಕೊಡೋರ ಕಡಿಂದ ನಾ ಉಪ್ಪು ಸುದ್ದಾ ಇಸ್ಕೊಂಡಾಕಿ ಅಲ್ರಿ."

"ಇಸ್ಕೋ ಯವ್ವಾ, ಇದ ಮೊದಲನೇ ಪಾಠ," ಎಂದು ಹೆಡ್‌ಮಾಸ್ತರ್ ನಕ್ಕರು. "ನಾನೂ ಇದರಾಗ ಫೇಲಾಗೀನಿ."

ಪಾಸ್ಟರ್ ಕೊಟ್ಟಿದ್ದ ಕ್ರಮ ಸರಳವಾಗಿತ್ತು: ದೇವರು, ಪಾಪ, ಏಸು, ಶಿಲುಬೆ, ಪ್ರಾರ್ಥನೆ, ದೀಕ್ಷಾಸ್ನಾನ. ದೇವರ ಪಾಠದಲ್ಲಿ ಹೆಡ್‌ಮಾಸ್ತರ್ ತಂದೆ, ಮಗ, ಪವಿತ್ರಾತ್ಮ ಎಂದರೆ ಮೂವರೋ ಒಬ್ಬನೋ ಎಂದು ಪಟ್ಟು ಹಿಡಿದರು. ಒಬ್ಬನೇ, ಆದರೆ ಆ ಒಬ್ಬನೊಳಗೇ ಪ್ರೀತಿ ಕೊಡುವುದೂ ಪಡೆಯುವುದೂ ಇದೆ ಎಂದು ನನಗೆ ತಿಳಿದಂತೆ ಹೇಳಿದೆ. "ಗೊತ್ತಾಗಲಿಲ್ಲ, ಆದ್ರ ಸುಳ್ಳಂತ ಅನ್ನಿಸಲಿಲ್ಲ," ಎಂದರು. ಅಷ್ಟು ಒಳ್ಳೆಯ ಸರ್ಟಿಫಿಕೇಟು ನನಗೆ ಮತ್ತೆ ಸಿಗಲಿಲ್ಲ.

ಪಾಪದ ಪಾಠದ ದಿನ, ಪಾಪ ಅಂದರೆ ಬರೀ ಕೆಟ್ಟ ಕೆಲಸಗಳ ಲೆಕ್ಕವಲ್ಲ, ದೇವರಿಗೆ ಬೆನ್ನು ಮಾಡಿ ನಿಲ್ಲುವುದು ಎಂದು ವಿವರಿಸುತ್ತಿದ್ದೆ. ರೊಟ್ಟಿಯಮ್ಮ ತಡೆದರು.

"ನಾ ಬೆನ್ನಿಲೆ ಮಾಡಿಲ್ರಿ. ಬಾಯಿಲೆ ಮಾಡೀನಿ."

ಆಮೇಲೆ ನಡೆದದ್ದನ್ನು ಹೇಳಿದರು. ಅವರ ಅವ್ವ ಸುರಪುರದಲ್ಲಿ ಹಿರಿಯ ಮಗಳ ಮನೆಯಲ್ಲಿದ್ದಳು. ಮುದುಕಿ ಹಠಮಾರಿ. ಒಮ್ಮೆ ಇವರು ನೋಡಲು ಹೋಗಿ ವಾಪಸು ಹೊರಟಾಗ ಬಸ್‌ಸ್ಟ್ಯಾಂಡಿನವರೆಗೆ ಬಂದು, ನಾನೂ ನಿನ್ನ ಜೋಡಿ ಶಹಾಪುರಕ್ಕೆ ಬರುತ್ತೇನೆ ಎಂದು ಸೀರೆ ಹಿಡಿದಳು. ಇವರ ಮನೆಯಲ್ಲಿ ಆಗ ಗಂಡ ಕಾಲು ಮುರಿದುಕೊಂಡು ಮಲಗಿದ್ದ. ಒಂದೇ ಕೋಣೆ. ಮುದುಕಿ ಕೇಳಲಿಲ್ಲ. ಬಸ್ಸು ಹೊರಟಿತ್ತು.

"ಇಲ್ಲೇ ಸಾಯಿ ಅಂದೆ ನೋಡ್ರಿ. ಮಂದಿ ಮುಂದ. ಬಸ್ಸಿನ್ಯಾಗ ಕುಂತು ಕಿಡಕ್ಯಾಗಿಂದ ಅಂದೆ."

ಹೆಡ್‌ಮಾಸ್ತರ್ ಕೈಯಲ್ಲಿದ್ದ ಛತ್ರಿಯನ್ನು ನೆಲಕ್ಕೆ ಇಳಿಸಿದರು.

"ಅಲ್ಲೇ ಸತ್ತಳ್ರಿ. ಮಳಿಗಾಲ ಮುಗಿಯೋದ್ರಾಗ. ಅಕ್ಕ ನನಗ ಸುದ್ದಿನಾ ಕೊಡಲಿಲ್ಲ. ಅವ್ವನ ಮಣ್ಣು ಆಗಿ ಮರದಿನ ಮಂದಿ ಬಾಯಿಲೆ ಗೊತ್ತಾತು. ಹೆತ್ತವ್ವಗ ಒಂದು ಹಿಡಿ ಮಣ್ಣು ಹಾಕಾಕ ಬಿಡಲಿಲ್ಲ ನನ್ನ ಅಕ್ಕ." ಆಮೇಲೆ, "ಅಂದಾಕಿ ನಾನು, ಅನಿಸಿಕೊಂಡಾಕಿ ಮಣ್ಣಾಗ ಹೋಗ್ಯಾಳ. ಆಕಿನಾ ಇಲ್ಲಂದ ಮ್ಯಾಲ ನಿಮ್ಮ ಏಸಪ್ಪ ಹ್ಯಾಂಗ ಮಾಫ್ ಮಾಡ್ತಾನ್ರಿ? ಅವನಿಗೇನು ಬೈದೀನೇನು?"

ಈ ಪ್ರಶ್ನೆಗೆ ದೊಡ್ಡ ದೊಡ್ಡ ಉತ್ತರಗಳಿವೆ. ನನಗೆ ಆಗ ನೆನಪಾದದ್ದು ಚಿಕ್ಕದು. ಮಕ್ಕಳಿಗೆ ಬೈದರೆ ಅದು ತಂದೆಗೂ ತಗಲುತ್ತದೆ, ನಾವು ಯಾರನ್ನು ನೋಯಿಸಿದರೂ ಅದು ಮೊದಲು ಹೋಗಿ ಮುಟ್ಟುವುದು ದೇವರನ್ನು, ಶಿಲುಬೆಯ ಮೇಲೆ ಏಸು ಅದನ್ನೆಲ್ಲ ತನ್ನ ಮೇಲೆ ತೆಗೆದುಕೊಂಡ, ತಿರುಗಿ ಯಾರಿಗೂ ಬೈಯಲಿಲ್ಲ ಎಂದೆ. ರೊಟ್ಟಿಯಮ್ಮ ಅದನ್ನು ತಮ್ಮ ಮಾತಿಗೆ ತಂದುಕೊಂಡರು:

"ಅಂದ್ರ ಅವ್ವನ ಬದ್ಲಿ ಅವ ಹೊಟ್ಟ್ಯಾಗ ಹಾಕ್ಕೋತಾನ."

ಹೌದು ಎಂದೆ. ಒಬ್ಬರ ತಪ್ಪನ್ನು ಮನ್ನಿಸುವುದಕ್ಕೆ ನಮ್ಮಲ್ಲಿ ಹೊಟ್ಟೆಯಲ್ಲಿ ಹಾಕಿಕೊಳ್ಳುವುದು ಎನ್ನುತ್ತಾರೆ. ಚರ್ಚಿನ ಪುಸ್ತಕಗಳಲ್ಲಿ ಕ್ಷಮಿಸು ಎಂದಿರುತ್ತದೆ. ಶಹಾಪುರದಲ್ಲಿ ಅಕ್ಕ ತಂಗಿಗೆ ಕ್ಷಮಿಸು ಎಂದದ್ದನ್ನು ನಾನು ಈವರೆಗೆ ಕೇಳಿಲ್ಲ.

ಆ ವಾರದಿಂದ ಅವರ ಮುಖ ಸ್ವಲ್ಪ ಹಗುರವಾಗಿತ್ತು ಎಂದು ನನ್ನ ನೆನಪು. ಪಾಠ ಕೆಲಸ ಮಾಡುತ್ತಿದೆ ಎಂದು ನಂಬುವುದು ನನಗೆ ಬೇಕಾಗಿದ್ದ ಕಾಲ ಅದು. ಹಾಗಾಗಿ ಈ ನೆನಪಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ತೊಂದರೆ ಬಂದದ್ದು ಪ್ರಾರ್ಥನೆಯ ಪಾಠದಲ್ಲಿ. ಏಸು ತನ್ನ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯನ್ನು ಒಂದೊಂದೇ ಸಾಲು ಹೇಳಿಕೊಡುತ್ತಿದ್ದೆ. ಅದರಲ್ಲಿ ಒಂದು ಕಡೆ, ನಮಗೆ ತಪ್ಪು ಮಾಡಿದವರನ್ನು ನಾವು ಮನ್ನಿಸಿದ ಹಾಗೆ ನಮ್ಮನ್ನೂ ಮನ್ನಿಸು ಎಂದು ಬೇಡಿಕೊಳ್ಳುವುದಿದೆ. ಹೆಡ್‌ಮಾಸ್ತರ್ ಲಿಂಗ ಮುಟ್ಟಿಕೊಂಡೇ ಸ್ಪಷ್ಟವಾಗಿ ಹೇಳಿದರು. ಅನ್ನ ಕೊಡು ಎಂಬಲ್ಲಿಯವರೆಗೆ ಗಟ್ಟಿಯಾಗಿ ಹೇಳಿದ ರೊಟ್ಟಿಯಮ್ಮ ಅಲ್ಲಿಗೆ ಬಂದಾಗ ಬಾಯಿ ಮುಚ್ಚಿದರು. ಆ ಸಾಲು ದಾಟಿದ ಮೇಲೆ ಮತ್ತೆ ಸೇರಿಕೊಂಡರು. ಮರೆತಿರಬೇಕೆಂದು ಇನ್ನೊಮ್ಮೆ ಹೇಳಿಸಿದೆ. ಇನ್ನೊಮ್ಮೆಯೂ ಅಷ್ಟೇ.

"ಆ ಸಾಲು ನನಗ ಬ್ಯಾಡ್ರಿ," ಎಂದರು. "ಅಕ್ಕನ್ನ ನಾ ಹೊಟ್ಟ್ಯಾಗ ಹಾಕ್ಕೊಂಡಿಲ್ಲ. ದೇವರ ಮುಂದ ಸುಳ್ಳು ಹ್ಯಾಂಗ ಹೇಳಲಿ?"

"ಅದನ್ನ ಬಿಟ್ಟು ಪ್ರಾರ್ಥನಾ ಇಲ್ರಿ."

"ಮೊದಲ ದಿನ ಏನೂ ಕೊಡೋದಿಲ್ಲ, ಏನೂ ಬಿಡೋದಿಲ್ಲ ಅಂದ್ರಿ. ಈಗ ಇದೊಂದು ಬಿಡು ಅನ್ನಾಕತ್ತೀರಿ. ಉಳ್ಳಾಗಡ್ಡಿ ಬಿಡು ಅಂದಿದ್ರ ಅವತ್ತ ಬಿಡತಿದ್ದೆ."

ನಾನು ಚಹಾ ತರಿಸಿದೆ. ನಮ್ಮ ಚರ್ಚಿನಲ್ಲಿ ಪಕ್ಕಪಕ್ಕದ ಬೆಂಚಿನಲ್ಲಿ ಕೂತು ವರ್ಷಗಟ್ಟಲೆ ಮಾತಿಲ್ಲದ ಇಬ್ಬರು ಹಿರಿಯರು ಪ್ರತಿ ಭಾನುವಾರ ಆ ಸಾಲನ್ನು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹೇಳುವುದನ್ನು ನಾನು ಅವರಿಗೆ ತಿಳಿಸಲಿಲ್ಲ. ಪಾಠದ ಕ್ರಮದಲ್ಲಿ ಅದು ಇರಲಿಲ್ಲ.

ದಾರಿ ಕಂಡವರು ಹೆಡ್‌ಮಾಸ್ತರ್. "ಯವ್ವಾ, ಇದಕ್ಕ್ಯಾಕ ಇಷ್ಟು ವಿಚಾರ ಮಾಡ್ತಿ? ದಸರಾ ಬಂದೇಬಿಡ್ತು. ಸುರಪುರಕ್ಕ ಹೋಗು, ಅಕ್ಕನ ಕೈಯಾಗ ಬನ್ನಿ ಕೊಡು, ಕಾಲು ಮುಟ್ಟು. ಮುಗೀತು."

ನಮ್ಮ ಸೀಮೆಯಲ್ಲಿ ವಿಜಯದಶಮಿಯ ಸಂಜೆ ಬನ್ನಿ ಗಿಡದ ಎಲೆ ತಂದು ಮನೆಮನೆಗೆ ಹೋಗುತ್ತಾರೆ. ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಎನ್ನುತ್ತಾರೆ, ಕಿರಿಯರು ಹಿರಿಯರ ಕಾಲಿಗೆ ಬೀಳುತ್ತಾರೆ. ಅದರ ನಿಜವಾದ ಉಪಯೋಗ ಮಾತು ಬಿಟ್ಟವರಿಗೆ. ಆ ಸಂಜೆ ಯಾರು ಬನ್ನಿ ತಂದರೂ ಬೇಡ ಎನ್ನುವಂತಿಲ್ಲ. ಹಳೆಯ ಜಗಳವನ್ನು ಎತ್ತುವಂತಿಲ್ಲ. ತಪ್ಪು ಯಾರದು ಎಂದು ಯಾರೂ ಕೇಳುವುದಿಲ್ಲ. ನಾಲ್ಕು ಎಲೆ ಕೈ ಬದಲಾದರೆ ಮರುದಿನದಿಂದ ಮಾತು. ಎದುರಾ ಎದುರು ನಿಂತು ನನ್ನದು ತಪ್ಪಾಯಿತು ಎನ್ನಲು ಬಾರದ ನಮ್ಮಂಥ ಒರಟು ಮಂದಿಗೆ ಅದೊಂದು ಅನುಕೂಲ.

"ನಾನೂ ಅದನ್ನ ನೆನಸೀನ್ರಿ," ಎಂದರು ರೊಟ್ಟಿಯಮ್ಮ. "ಇಷ್ಟು ವರ್ಷ ಹೋಗಿಲ್ಲ. ಈ ಸಲ ಮನಸ್ಸಾಗ್ಯದ." ಸುರಪುರದಿಂದ ರೊಟ್ಟಿ ಒಯ್ಯಲು ಬರುವ ಖಾನಾವಳಿಯವನ ಕೈಯಲ್ಲಿ, ದಸರಾಕ್ಕೆ ಬರುತ್ತೇನೆಂದು ಅಕ್ಕನಿಗೆ ಹೇಳಿಯೂ ಕಳಿಸಿದರು.

ಹಬ್ಬದ ಮುಂಚಿನ ಶುಕ್ರವಾರ ಪಾಸ್ಟರ್ ತಾವೇ ತರಗತಿಗೆ ಬಂದರು. ಒಳ್ಳೆಯ ಮನುಷ್ಯ, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮೈಸೂರು ಕಡೆಯವರು. ನಮ್ಮ ಮಾತಿನ ವರಸೆಗೆ ಅವರಿನ್ನೂ ಒಗ್ಗಿರಲಿಲ್ಲ. ಇಲ್ಲಿನವರು ಕುಶಲ ವಿಚಾರಿಸಿದರೂ ಅವರಿಗೆ ಜಗಳದ ಹಾಗೆ ಕೇಳಿಸುತ್ತಿತ್ತು. ಹಬ್ಬದ ದಿನಗಳಲ್ಲಿ ಹೊಸದಾಗಿ ನಂಬಿಕೆಗೆ ಬರುವವರು ಹೇಗಿರಬೇಕೆಂದು ಮೃದುವಾಗಿ ವಿವರಿಸಿದರು. ಇಲ್ಲಿ ಯಾರನ್ನೂ ಯಾರೂ ಸೇರಿಸಿಕೊಳ್ಳುತ್ತಿಲ್ಲ, ಕೇಳಿದವರಿಗೆ ಹೇಳುತ್ತಿದ್ದೇವೆ ಅಷ್ಟೇ ಎಂದು ಪ್ರತಿ ಸಲದಂತೆ ಕಿಟಕಿಯ ಕಡೆ ನೋಡಿ ಸ್ವಲ್ಪ ಗಟ್ಟಿಯಾಗಿ ಹೇಳಿದರು. ಆಮೇಲೆ, "ಒಬ್ಬನೇ ದೇವರನ್ನು ಆರಾಧಿಸಬೇಕು ಅಂತ ಕಲಿತಿದ್ದೀರಿ. ಹಾಗಾಗಿ ಆಯುಧಪೂಜೆ, ಮರಪೂಜೆ, ಬನ್ನಿ ಇವೆಲ್ಲ ಈ ವರ್ಷದಿಂದ ಬೇಡ. ಕಷ್ಟ ಆಗಬಹುದು, ಆದರೆ ಶುರುವಿನಲ್ಲೇ ಸ್ಪಷ್ಟವಾಗಿದ್ದರೆ ಒಳ್ಳೇದು," ಎಂದು ಪ್ರಾರ್ಥಿಸಿ ಹೋದರು.

ರೊಟ್ಟಿಯಮ್ಮ ತಲೆಯಾಡಿಸಿದರು. ಅಂದು ಹೆಡ್‌ಮಾಸ್ತರ್ ಬಂದಿರಲಿಲ್ಲ. ನನಗೆ ಆ ಕ್ಷಣ ಏನನ್ನಿಸಿತೋ ನೆನಪಿಲ್ಲ. ನಮ್ಮ ಮನೆಯಲ್ಲಿ ಬನ್ನಿ ಎಂದರೆ ಪಕ್ಕದ ಮನೆಯವರು ತಂದುಕೊಟ್ಟು ಹೋಗುವ ಎಲೆ, ಮರುದಿನ ಕಸದ ಜೊತೆ ಹೋಗುವ ಎಲೆ. ಡೈರಿಯಲ್ಲಿ ಅಂದಿನ ಸಾಲು: "ಪಾಸ್ಟರ್ ಬಂದಿದ್ದರು. ಚೆನ್ನಾಗಿ ಮಾತಾಡಿದರು."

ಹಬ್ಬ ಕಳೆದು ತರಗತಿ ಸೇರಿದಾಗ ಹೆಡ್‌ಮಾಸ್ತರ್ ಬಾಗಿಲಲ್ಲೇ ಕೇಳಿದರು. "ಏನವಾ, ಅಕ್ಕ ಏನಂದ್ಲು?"

"ಹೋಗಲಿಲ್ರಿ."

"ಯಾಕ?"

"ಬನ್ನಿ ಬ್ಯಾಡ ಅಂದ್ರಲ್ರಿ ಪಾಸ್ಟರ್."

ಖಾನಾವಳಿಯವನು ಸುದ್ದಿ ತಂದಿದ್ದ. ಅಕ್ಕ ಆ ಸಂಜೆ ಹೋಳಿಗೆ ಮಾಡಿಕೊಂಡು, ಬಸ್‌ಸ್ಟ್ಯಾಂಡಿನಿಂದ ಬರುವ ದಾರಿ ನೋಡುತ್ತ ಕಟ್ಟೆಯ ಮೇಲೆ ಕೂತಿದ್ದಳಂತೆ. ದೀಪ ಹಚ್ಚುವ ಹೊತ್ತಾದರೂ ತಂಗಿ ಬರಲಿಲ್ಲ. ಬಂದವರಿಗೆಲ್ಲ ಹೇಳಿದಳಂತೆ: "ಆಕಿ ಈಗ ಏಸಪ್ಪನ ಮಂದಿ ಆಗ್ಯಾಳ. ನಮ್ಮ ಬನ್ನಿ ಹ್ಯಾಂಗ ಮುಟ್ಟತಾಳ? ಅವ್ವಗ ಸಾಯಿ ಅಂದಾಕಿ, ನನಗೂ ಅಂದ್ಲು ಅಂತ ತಿಳಕೋತೀನಿ. ಇನ್ನ ನನಗ ತಂಗಿ ಇಲ್ಲ."

ಅವರು ಅದನ್ನು ಹೇಳುವಾಗ ಅಳಲಿಲ್ಲ. ವಿಧೇಯ ವಿದ್ಯಾರ್ಥಿನಿ ಪಾಠ ಒಪ್ಪಿಸುವಂತೆ ಹೇಳಿದರು. ಮನ್ನಿಸು ಎಂದು ಕಲಿಸಿದವರು ನಾವು. ಮನ್ನಿಸಲು ಈ ಸೀಮೆಯವರಿಗೆ ಇದ್ದ ಒಂದೇ ಒಂದು ದಿನವನ್ನು ಬೇಡ ಎಂದವರೂ ನಾವು. ಎರಡನ್ನೂ ತಪ್ಪದೆ ಪಾಲಿಸಲು ಹೋದವರಿಗೆ ಇದ್ದೊಬ್ಬ ಅಕ್ಕನೂ ಇಲ್ಲದಾದಳು.

ಹೆಡ್‌ಮಾಸ್ತರ್ ಛತ್ರಿ ಹಿಡಿದುಕೊಂಡು ಸೀದಾ ಪಾಸ್ಟರ್ ಮನೆಗೆ ನಡೆದರು. ನಾವಿಬ್ಬರೂ ಹಿಂದೆ ಹೋದೆವು. ಪಾಸ್ಟರ್ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದರು.

"ಅಲ್ರಿ ಪಾಸ್ಟರ್ ಸಾಹೇಬರ, ಬನ್ನಿ ಅಂದ್ರ ಏನು ಅಂತ ತಿಳಿದೀರಿ?"

"ಶಮೀ ವೃಕ್ಷದ ಪೂಜೆ ಅಲ್ಲವೇ ಸರ್?"

"ಪೂಜಿ ಮುಂಜಾನಿ ಮುಗೀತದ್ರಿ. ಸಂಜಿಗಿ ನಾವು ಕೊಡೋದು ಗಿಡಕ್ಕಲ್ಲ, ಮಂದಿಗಿ. ಮಾತು ಬಿಟ್ಟೋರಿಗಿ." ಎಂದು ಎಲ್ಲವನ್ನೂ ಹೇಳಿದರು, ಸುರಪುರದ ಹೋಳಿಗೆಯವರೆಗೆ.

ಪಾಸ್ಟರ್ ಕೈಯಲ್ಲಿದ್ದ ಒದ್ದೆ ಅಂಗಿಯನ್ನು ತಂತಿಗೆ ಹಾಕುವುದನ್ನೇ ಮರೆತರು. "ನನಗೆ ನಿಜವಾಗಲೂ ಗೊತ್ತಿರಲಿಲ್ಲ. ನಮ್ಮ ಕಡೆ ದಸರಾ ಅಂದರೆ ಆನೆ," ಎಂದರು. ಇಷ್ಟು ನೇರವಾಗಿ ಗೊತ್ತಿಲ್ಲ ಎಂದ ಪಾದ್ರಿಯನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ರೊಟ್ಟಿಯಮ್ಮನ ಕಡೆ ತಿರುಗಿದರು. "ಅಮ್ಮಾ, ಈಗಲೂ ಹೋಗಬಹುದಲ್ಲ? ಹಬ್ಬವೇ ಆಗಬೇಕೆಂದಿಲ್ಲ. ಬನ್ನಿ ಇಲ್ಲದೆಯೇ ಹೋಗಿ. ಏಸು ನಮ್ಮ ಹತ್ತಿರ ಬಂದದ್ದೂ ಹಾಗೇ, ನಾವು ಸರಿಹೋಗಲಿ ಅಂತ ಕಾಯದೆ."

"ನಿಮಗೇನ್ರಿ, ಹೇಳ್ತೀರಿ," ಎಂದರು ರೊಟ್ಟಿಯಮ್ಮ. "ಬನ್ನಿ ಇದ್ರ ಬಾಯಿ ತೆಗಿಯೋದು ಬೇಕಾಗಿಲ್ಲ. ಬರಿಗೈಲೆ ಹೋಗಿ ಏನಂತ ನಿಂದರಲಿ? ಜಗಳಕ್ಕ ಬಂದಾಳಂತ ಕದಾ ಹಾಕ್ಕೋತಾಳ."

"ಹಾಕಿಕೊಳ್ಳಬಹುದು," ಎಂದರು ಪಾಸ್ಟರ್. ಸಮಾಧಾನದ ಮಾತು ಹೇಳುತ್ತಾರೆಂದು ಕಾದೆ. ಅವರು ಒದ್ದೆ ಅಂಗಿಯನ್ನು ತಂತಿಗೆ ಹಾಕಿದರು.

ಮರುವಾರ ರೊಟ್ಟಿಯಮ್ಮ ನನ್ನ ಕಾಲೇಜಿನ ಗೇಟಿನ ಹತ್ತಿರ ಬಂದು ನಿಂತಿದ್ದರು. "ನಡೀರಿ ಮೇಡಮ್ಮಾರೆ. ನಡುವ ಕಲ್ತೋರು ಒಬ್ಬರು ಕುಂತ್ರ ಅಕ್ಕ ಬಯ್ಯೋದು ಸ್ವಲ್ಪ ಕಡಿಮಿ ಮಾಡ್ತಾಳ." ಕೊನೆಗೂ ನನ್ನ ಎಂ.ಎ.ಗೆ ಒಂದು ಕೆಲಸ ಸಿಕ್ಕಿತು.

ಸುರಪುರಕ್ಕೆ ಹೋಗುವ ಬಸ್ಸು ಹತ್ತಿದೆವು. ಕಿಟಕಿಯಾಚೆ ಹತ್ತಿ ಬಿಡಿಸುವ ಹೆಂಗಸರು, ತೊಗರಿ ಹೊಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಒಂದು ಕಂಬದ ಹತ್ತಿರ ಸ್ವಲ್ಪ ನಿಂತು ಮುಂದೆ ನಡೆದರು. ಅವ್ವ ನಿಂತಿದ್ದ ಜಾಗ ಅದೇ ಇರಬೇಕೆಂದು ನಾನು ಅಂದುಕೊಂಡೆ. ಕೇಳಲಿಲ್ಲ. ಸೀರೆಯ ನೆರಿಗೆ ಸರಿಮಾಡಿಕೊಳ್ಳಲು ನಿಂತಿರಲೂಬಹುದು.

ಅಕ್ಕನ ಮನೆ ಗುಡ್ಡದ ಬುಡದ ಓಣಿಯಲ್ಲಿತ್ತು. ಅಕ್ಕ ಹೊರಗೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ತಂಗಿಯನ್ನು ಕಂಡು ಮೊರ ನಿಲ್ಲಿಸಲಿಲ್ಲ.

"ಹಬ್ಬದಾಗ ಬರಲಿಲ್ಲ. ಈಗ ಯಾಕ ಬಂದಿ?"

"ಬಂದೀನಿ," ಎಂದರು ರೊಟ್ಟಿಯಮ್ಮ.

"ಕೈಯಾಗ ಏನದ?"

"ಏನಿಲ್ಲ."

"ಇವರ್ಯಾರು? ಪೊಲೀಸರೇನು?"

"ಟೀಚರ್ ಇದ್ದಾರ."

ಅಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಟೀಚರ್ನ ಕರ್ಕೊಂಡು ಬಂದಾಳ. ಯಾರಿಗಿ ಕಲಿಸಾಕ? ನನಗೋ?" ಎಂದರು. ಕದ ಮಾತ್ರ ತೆರೆದೇ ಇತ್ತು. ನಾವು ಒಳಗೆ ಹೋಗಿ ಚಾಪೆಯ ಮೇಲೆ ಕೂತೆವು. ಅಕ್ಕ ಬಾಗಿಲಲ್ಲೇ ನಿಂತರು.

ರೊಟ್ಟಿಯಮ್ಮ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ಏನಿತ್ತೋ, ಬಾಯಿಗೆ ಬಂದದ್ದು ಬೇರೆ. "ಅವ್ವನ ಮಣ್ಣಿಗಿ ನನ್ನ ಯಾಕ ಕರೀಲಿಲ್ಲಕ್ಕಾ? ಅದೊಂದು ಹೇಳು. ಹೊಟ್ಟ್ಯಾಗ ಹಾಕ್ಕೋತೀನಿ, ಎದ್ದು ಹೋಗ್ತೀನಿ."

ಒಂದು ಕೋಳಿ ಒಳಗೆ ಬಂತು. ಅಕ್ಕ ಅದನ್ನು ಹೊರಗೆ ಅಟ್ಟಲು ನೋಡಿದರು. ಅದು ಹೋಗಲಿಲ್ಲ.

"ಅವ್ವನೇ ಅಂದ್ಲು. ಆಕೀಗಿ ಹೇಳಬ್ಯಾಡ ಅಂದ್ಲು."

"ಅವ್ವ?"

"ಹೂಂ. ನೀರು ಕುಡಿಸಾಕತ್ತಿದ್ದೆ. ಶಹಾಪುರಕ್ಕ ಹೇಳಿ ಕ‌ಳಸಲೇನು ಅಂದೆ. ಬ್ಯಾಡ, ಆಕೀಗಿ ಹೇಳಬ್ಯಾಡ ಅಂದ್ಲು. ಕಡಿ ಮಾತು ಅದ. ನಾ ಹ್ಯಾಂಗ ಮುರೀಲಿ?"

"ಯಾಕ ಅಂತ ಕೇಳಲಿಲ್ಲೇನು?"

"ಸಾಯೋರನ್ನ ಯಾಕ ಅಂತ ಕೇಳತಾರೇನು ಹುಚ್ಚಿ?"

"ಇಷ್ಟು ವರ್ಷ ನನಗ ಯಾಕ ಹೇಳಲಿಲ್ಲ?"

"ಏನಂತ ಹೇಳಲಿ? ಅವ್ವ ನಿನ್ನ ಮಾರಿ ನೋಡಾಕ ಒಲ್ಲೆ ಅಂದ್ಲು ಅಂತಲೇನು? ನೀ ನನ್ನ ಬೈತಿದ್ದಿ. ಬೈಕೋ ಅಂತ ಬಿಟ್ಟೆ."

ನಾನು ಕಲಿತ ವಿದ್ಯೆ ಅಲ್ಲೂ ಸುಮ್ಮನಿರಲಿಲ್ಲ. ಒಬ್ಬಳೇ ಸಾಕ್ಷಿ, ಒಂದೇ ವಾಕ್ಯ, ಹೇಳಿದವಳು ಇಲ್ಲ. ಸಿಟ್ಟಿನಿಂದ ಅಂದಳೋ, ಕಾಲು ಮುರಿದ ಗಂಡನನ್ನು ಬಿಟ್ಟು ಮಗಳು ಓಡಿ ಬರಬಾರದೆಂದು ಅಂದಳೋ, ಜ್ವರದಲ್ಲಿ ಯಾರನ್ನೋ ನೆನೆದು ಅಂದಳೋ. ಯಾವುದನ್ನೂ ಸಾಧಿಸಲಾಗದು, ಯಾವುದನ್ನೂ ಅಲ್ಲಗಳೆಯಲಾಗದು. ಇದನ್ನು ಅವರಿಗೆ ಬಿಡಿಸಿ ಹೇಳೋಣವೆಂದು ಬಾಯಿ ತೆರೆದೆ ಕೂಡ. ಕೇಳುವವರು ಇರಲಿಲ್ಲ. ರೊಟ್ಟಿಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದುಕೊಂಡು ನಾನು ಕೈ ಚಾಚಿದೆ. ಸೆರಗು ತೆಗೆದಾಗ ನೋಡಿದರೆ ಅವರು ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು.

"ನೋಡಕ್ಕಾ, ಸಾಯೋತನಾ ಹಠ ಬಿಡಲಿಲ್ಲ ಮುದುಕಿ."

ಅಕ್ಕ ತಡೆದುಕೊಳ್ಳಲು ನೋಡಿದರು. ಆಗಲಿಲ್ಲ. "ಹಠ ಅಂದ್ರ ಎಂಥಾ ಹಠ! ಮಜ್ಜಗಿ ಕುಡಿ ಅಂದ್ರ ಹಾಲು ಬೇಕು, ಹಾಲು ಕೊಟ್ರ ಮಜ್ಜಗಿ ಬೇಕು. ಎಂಟು ವರ್ಷ ನಾ ಅನುಭವಿಸೀನಿ. ನೀ ಒಂದು ದಿವಸ ಬಸ್‌ಸ್ಟ್ಯಾಂಡಿನ್ಯಾಗ ಬೈದು ಪಾರಾದಿ."

"ಪಾರಾಗಿಲ್ಲಕ್ಕಾ," ಎಂದರು ರೊಟ್ಟಿಯಮ್ಮ.

"ಗೊತ್ತದ ಬಿಡು. ಮಾರಿ ನೋಡಿದ್ರ ಗೊತ್ತಾಗ್ತದ."

ಇಬ್ಬರಲ್ಲಿ ಯಾರೂ ತಪ್ಪಾಯಿತು ಎನ್ನಲಿಲ್ಲ. ಮನ್ನಿಸಿದೆ ಎಂದೂ ಅನ್ನಲಿಲ್ಲ. ಅಕ್ಕ ಒಳಗೆ ಹೋಗಿ ಒಲೆ ಹಚ್ಚಿದರು. ಸ್ವಲ್ಪ ಹೊತ್ತಿಗೆ ರೊಟ್ಟಿಯಮ್ಮ ಯಾರೂ ಕರೆಯದೆಯೇ ಎದ್ದು ಅಡುಗೆ ಮನೆಗೆ ಹೋದರು. "ಹಿಟ್ಟಿಗಿ ನೀರು ಹೆಚ್ಚಾಗ್ಯಾವ, ಸರಿ ಅತ್ತ" ಎನ್ನುವ ದನಿ ಕೇಳಿಸಿತು. "ಊರಿಗೆಲ್ಲಾ ರೊಟ್ಟಿ ಮಾರ್ತಿ ಅಂತ ನನಗ ಕಲಿಸ್ತಿ ಏನು?" ಎನ್ನುವ ದನಿಯೂ. ನಡುವೆ ಕೂರಲು ಬಂದಿದ್ದ ನಾನು ಹೊರಕೋಣೆಯಲ್ಲಿ ಕೋಳಿಯ ಜೊತೆ ಕೂತಿದ್ದೆ.

ವಾಪಸು ಬರುವ ಬಸ್ಸಿನಲ್ಲಿ ಜಾಗ ಸಿಕ್ಕಿತು. ಹತ್ತಿಗೂಡೂರು ದಾಟುವವರೆಗೆ ಅವರು ಹೊರಗೆ ನೋಡುತ್ತ ಕೂತಿದ್ದರು. ಆಮೇಲೆ ಕೇಳಿದರು:

"ಮೇಡಮ್ಮಾರೆ, ಅವ್ವ ಸಿಟ್ಟಿಲೆ ಅಂದ್ಲೋ, ಅಂತಃಕರಣಲೆ ಅಂದ್ಲೋ, ನಿಮ್ಮ ಏಸಪ್ಪಗ ಗೊತ್ತಿರ್ತದಲ್ರಿ?"

ಇದಕ್ಕೆ ನನ್ನ ಹತ್ತಿರ ಸಾಕ್ಷ್ಯವಿರಲಿಲ್ಲ. ಆದರೆ ಇದು ನಾನು ನಂಬುವ ಮಾತು, ತೊಟ್ಟಿಲಿನಿಂದ ನಂಬಿದ್ದು, ಓದಿದ ಮೇಲೂ ಉಳಿದದ್ದು. "ಗೊತ್ತಿರ್ತದ್ರಿ," ಎಂದೆ.

"ಅಷ್ಟ ಸಾಕು. ನನಗ ಹೇಳೋದೇನು ಬ್ಯಾಡ." ಸೆರಗು ಸರಿಮಾಡಿಕೊಂಡು, "ಸಿಟ್ಟಿಲೆ ಅಂದಿದ್ರೂ ಇರಲಿ. ನನ್ನ ಹೊಟ್ಟ್ಯಾಗ ಜಾಗ ಅದ," ಎಂದರು.

ಬಸ್ಸು ಶಹಾಪುರದ ಕೆರೆಯ ಹತ್ತಿರ ತಿರುಗಿತು. ಅವರು ಇಳಿಯಲು ಗಂಟು ಎತ್ತಿಕೊಂಡರು. ಅಕ್ಕ ಕಟ್ಟಿಕೊಟ್ಟಿದ್ದ ಜೋಳ ಅದರಲ್ಲಿತ್ತು.

"ಮರೆತಿದ್ದೆ ನೋಡ್ರಿ. ಮುಂದಿನ ಶುಕ್ರವಾರ ಅಕ್ಕ ಬರ್ತಾಳಂತ, ನೀವು ನನಗ ಏನು ಕಲಿಸಾಕತ್ತೀರಿ ಅಂತ ನೋಡಾಕ. ಪಾಸ್ಟರ್‌ಗ ಹೇಳಿಡ್ರಿ, ಆಕೀಗಿ ಬ್ಯಾಡ ಅನ್ನೋದು ಏನರ ಇದ್ರ ಮೊದಲ ನನಗ ಹೇಳಲಿ. ಆಕಿ ಅವ್ವನಂಗ ಅದಾಳ."